ಪರದೆಯಲ್ಲಿ ಚುಕ್ಕಿ, ಲಾಗ್‌ನಲ್ಲಿ ಪೂರ್ತಿ ನಂಬರು: ಗುರುತಿನ ಸಂಖ್ಯೆ ಎಲ್ಲಿ ಸೋರುತ್ತಿದೆ ಎಂದು ಪತ್ತೆ ಹಚ್ಚುವುದು

ಒಮ್ಮೆ ಸಹೋದ್ಯೋಗಿಯೊಬ್ಬರು ಸ್ಕ್ರೀನ್‌ಶಾಟ್ ಕಳಿಸಿ, "ಮಾಸ್ಕಿಂಗ್ ಸರಿಯಾಗಿದೆ, ನೋಡಿ" ಅಂದಿದ್ದರು. ಗುರುತಿನ ಸಂಖ್ಯೆ ಇರಬೇಕಾದ ಜಾಗದಲ್ಲಿ ●●●● ●●●● ಎಂದು ಎಂಟು ಚುಕ್ಕಿ, ಆಮೇಲೆ ನಾಲ್ಕೇ ನಾಲ್ಕು ಅಂಕಿ. ಸರಿಯೇ ಇತ್ತು. ಆದರೆ ಅದೇ ಚಿತ್ರದ ಕೆಳಮೂಲೆಯಲ್ಲಿ, ಆಗಷ್ಟೇ ಡೌನ್‌ಲೋಡ್ ಆಗಿದ್ದ ರಸೀದಿಯ ಫೈಲ್ ಹೆಸರು ಕಾಣುತ್ತಿತ್ತು. ಹನ್ನೆರಡೂ ಅಂಕಿ ಅದರಲ್ಲಿ ಸಾಲಾಗಿ ಕೂತಿದ್ದವು. ಪರದೆ ಮಾಡಿದವರೇ ಬೇರೆ, ಫೈಲ್‌ಗೆ ಹೆಸರಿಡುವ ಕೋಡ್ ಬರೆದವರೇ ಬೇರೆ.

ಮರೆಮಾಚುವಿಕೆಯ ದೋಷಗಳಲ್ಲಿ ಹೆಚ್ಚಿನವು ಇಂಥವೇ. ಮಾಸ್ಕ್ ಹಾಕುವ ಫಂಕ್ಷನ್‌ನಲ್ಲಿ ತಪ್ಪೇನೂ ಇರುವುದಿಲ್ಲ. ಸಂಖ್ಯೆ ಅದನ್ನು ಮುಟ್ಟದೆ ಬೇರೆ ದಾರಿ ಹಿಡಿದಿರುತ್ತದೆ. ಆದ್ದರಿಂದ ಯಾವ ಲಕ್ಷಣ ಕಂಡರೂ ನಾನು ಮೊದಲು ಹುಡುಕುವುದು ಮೂರು ಸಂಗತಿ: ಸಂಖ್ಯೆ ಎಲ್ಲಿಂದ ಒಳಗೆ ಬಂತು, ಯಾರ್ಯಾರ ಕೈ ದಾಟಿತು, ಎಲ್ಲೆಲ್ಲಿ ಉಳಿದುಕೊಂಡಿತು.

## ಕೈ ಹಾಕುವ ಮುಂಚೆ

ತಪಾಸಣೆಯೇ ಹೊಸ ಸೋರಿಕೆ ಆಗಬಾರದು. ಯಾರದೋ ನಿಜವಾದ ಸಂಖ್ಯೆಯನ್ನು ಹಿಡಿದು ಲಾಗ್‌ಗಳಲ್ಲಿ (ವ್ಯವಸ್ಥೆ ತಾನು ಮಾಡಿದ್ದನ್ನೆಲ್ಲ ಬರೆದಿಡುವ ದಾಖಲೆಗಳಲ್ಲಿ) ಹುಡುಕಬೇಡಿ. ಹುಡುಕಿದ ಪದವನ್ನೂ ಲಾಗ್ ಸಾಧನ ನೆನಪಿಟ್ಟುಕೊಳ್ಳುತ್ತದೆ, ಟರ್ಮಿನಲ್‌ನ ಹಿಸ್ಟರಿ ಫೈಲ್ ಕೂಡ ಇಟ್ಟುಕೊಳ್ಳುತ್ತದೆ. ದೋಷದ ಟಿಕೆಟ್‌ನಲ್ಲಾಗಲಿ ಚಾಟ್‌ನಲ್ಲಾಗಲಿ ಸಂಖ್ಯೆ ಅಂಟಿಸಬೇಡಿ. ದಾಖಲೆಯ ಒಳ ಐಡಿ ಕೊಟ್ಟರೆ ಸಾಕು. "ಈ ಜೇಸನ್ (JSON) ಡೇಟಾ ಸ್ವಲ್ಪ ನೀಟಾಗಿ ಜೋಡಿಸಿ ಕೊಡು" ಎಂದು ಯಾವುದೋ ಆನ್‌ಲೈನ್ ತಾಣಕ್ಕೆ ಡೇಟಾ ಹಾಕುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ನಿಜವಾದ ಸಂಖ್ಯೆಯ ಬದಲು ಒಂದು ಬೇಹುಗಾರ ಸಂಖ್ಯೆ ಮಾಡಿಕೊಳ್ಳಿ. ನೋಡಲು ಅಸಲಿಯಂತೆ ಇರಬೇಕು, ಆದರೆ ಯಾರಿಗೂ ಸೇರಿರಬಾರದು. ಕಾರ್ಡ್‌ಗಳಿಗೆ 4111 1111 1111 1111 ಎಂಬ ಟೆಸ್ಟ್ ಸಂಖ್ಯೆ ಎಲ್ಲರಿಗೂ ಗೊತ್ತಿರುವಂಥದ್ದು. ಆಧಾರ್ ಸಂಖ್ಯೆ 0 ಅಥವಾ 1ರಿಂದ ಶುರುವಾಗುವುದಿಲ್ಲ. ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ 000 ಅಥವಾ 666ರಿಂದ ಶುರುವಾಗುವುದಿಲ್ಲ. ಇಂಥ ಖಾಲಿ ವಲಯದಿಂದ ಒಂದನ್ನು ಆರಿಸಿ. ಫಾರ್ಮ್ ಅದನ್ನು ಒಪ್ಪದಿದ್ದರೆ ಟೆಸ್ಟ್ ಪರಿಸರದಲ್ಲಿ ಮಾತ್ರ ಆ ಒಂದು ಸಂಖ್ಯೆಗೆ ವಿನಾಯಿತಿ ಕೊಡಿ.

"ಸುಮ್ಮನೆ ಒಂದು ಸಂಖ್ಯೆ ಬರೆದರಾಯಿತಲ್ಲ" ಅನ್ನುವವರು 1938ರಲ್ಲಿ ಅಮೆರಿಕದಲ್ಲಿ ಆದದ್ದನ್ನು ತಿಳಿದಿರಬೇಕು. ಪರ್ಸ್ ತಯಾರಿಸುವ ಕಂಪನಿಯೊಂದು ಮಾದರಿಗೆಂದು ಒಳಗೆ ಒಂದು ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ಇಟ್ಟು ಮಾರಿತು. ಅದರಲ್ಲಿದ್ದದ್ದು ಕಂಪನಿಯ ಕಾರ್ಯದರ್ಶಿಯೊಬ್ಬರ ನಿಜವಾದ ಸಂಖ್ಯೆ. ಕಾರ್ಡ್ ಅಳತೆಯಲ್ಲಿ ಚಿಕ್ಕದಿತ್ತು, ಮೇಲೆ "ಮಾದರಿ" ಎಂದೂ ಅಚ್ಚಾಗಿತ್ತು. ಆದರೂ ವರ್ಷಗಳ ಅವಧಿಯಲ್ಲಿ 40,000ಕ್ಕೂ ಹೆಚ್ಚು ಜನ ಅದೇ ತಮ್ಮ ಸಂಖ್ಯೆ ಎಂದು ಬರೆದುಕೊಟ್ಟರು. ಆ ಸಂಖ್ಯೆಯನ್ನೇ ರದ್ದು ಮಾಡಿ ಆಕೆಗೆ ಹೊಸದನ್ನು ಕೊಡಬೇಕಾಯಿತು.

## ಲಕ್ಷಣ: ಪರದೆಯಲ್ಲಿ ಚುಕ್ಕಿ, ಕಾಪಿ ಮಾಡಿದರೆ ಪೂರ್ತಿ ಸಂಖ್ಯೆ

ಇದು ಎರಡು ನಿಮಿಷದ ತಪಾಸಣೆ, ಖರ್ಚಿಲ್ಲ. ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ, ಪುಟವನ್ನು ಮತ್ತೆ ಲೋಡ್ ಮಾಡಿ, ಸರ್ವರ್ ಕಳಿಸಿದ ಉತ್ತರದಲ್ಲಿ ಬೇಹುಗಾರ ಸಂಖ್ಯೆಯನ್ನು ಹುಡುಕಿ. ಅಲ್ಲಿ ಪೂರ್ತಿ ಸಂಖ್ಯೆ ಇದ್ದರೆ ಚುಕ್ಕಿ ಇಡುತ್ತಿರುವುದು ಬ್ರೌಸರ್ ಎಂದರ್ಥ. ಎಫ್12 ಒತ್ತಲು ಗೊತ್ತಿರುವ ಯಾರಿಗಾದರೂ ಅದು ಬಯಲು. ಚುಕ್ಕಿ ಹಾಕುವ ಕೆಲಸವನ್ನು ಸರ್ವರ್‌ಗೆ ಒಯ್ಯಿರಿ. ಪೂರ್ತಿ ಸಂಖ್ಯೆ ಆ ಉತ್ತರದೊಳಗೆ ಬರಲೇಬಾರದು.

ಇದೇ ಹೊತ್ತಿನಲ್ಲಿ ಡೌನ್‌ಲೋಡ್‌ಗಳನ್ನೂ ನೋಡಿಬಿಡಿ: ಫೈಲ್ ಹೆಸರು, ಎಕ್ಸೆಲ್‌ನಲ್ಲಿ ಅಡಗಿಸಿಟ್ಟ ಕಾಲಂ, ಪಿಡಿಎಫ್‌ನ ಕಪ್ಪು ಪಟ್ಟಿ. ಪಟ್ಟಿ ಎಳೆದ ಜಾಗವನ್ನು ಆಯ್ಕೆ ಮಾಡಿ ಕಾಪಿ ಮಾಡಿ, ಬೇರೆಡೆ ಅಂಟಿಸಿ. ಅಕ್ಷರ ಬಂದರೆ ಪಟ್ಟಿ ಬರೀ ಮೇಲೆ ಕೂತಿದೆ, ಅಡಿಯಲ್ಲಿ ಪಠ್ಯ ಹಾಗೇ ಇದೆ.

## ಲಕ್ಷಣ: ಎಲ್ಲರದ್ದೂ ಮರೆಯಾಗುತ್ತದೆ, ಕೆಲವರದ್ದು ಮಾತ್ರ ಇಲ್ಲ

ನನಗೆ ತುಂಬ ಕಲಿಸಿದ ಲಕ್ಷಣ ಇದು. "ಸಾವಿರದಲ್ಲಿ ಒಂದೆರಡು ತಾನೇ" ಎಂದು ಬದಿಗಿಡುವ ಆಸೆಯಾಗುತ್ತದೆ. ಆದರೆ ಆ ಒಂದೆರಡರ ಹಿಂದೆಯೂ ಒಬ್ಬೊಬ್ಬ ಮನುಷ್ಯರಿದ್ದಾರೆ, ಮತ್ತು ಆ ಒಂದೆರಡರಲ್ಲೇ ಕಾರಣ ಅಡಗಿರುತ್ತದೆ. ತಪ್ಪಿಸಿಕೊಂಡ ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಸಾಮಾನ್ಯವಾಗಿ ಸಿಗುವುದು ಇವು.

ಸಂಖ್ಯೆ ಚಿಕ್ಕದಾಗಿದೆ. ಎಲ್ಲೋ ಒಂದು ಕಡೆ ಅದನ್ನು ಪಠ್ಯವಾಗಿ ಇಡದೆ ಅಂಕಿಯಾಗಿ ಇಟ್ಟಿದ್ದಾರೆ, ಮೊದಲಿನ ಸೊನ್ನೆ ಬಿದ್ದುಹೋಗಿದೆ. ಒಂಬತ್ತು ಅಂಕಿ ಹುಡುಕುವ ಮಾಸ್ಕ್, ಎಂಟೇ ಅಂಕಿ ಇರುವುದನ್ನು ನೋಡಿ ಇದು ನನ್ನದಲ್ಲ ಎಂದು ಬಿಟ್ಟುಬಿಡುತ್ತದೆ. ಎಕ್ಸೆಲ್ ಹಾದು ಬಂದ ಡೇಟಾದಲ್ಲಿ ಇದು ಮಾಮೂಲು. ಅಲ್ಲಿ 15 ಅಂಕಿಯವರೆಗೆ ಮಾತ್ರ ನಿಖರತೆ ಇರುವುದರಿಂದ, 16 ಅಂಕಿಯ ಕಾರ್ಡ್ ಸಂಖ್ಯೆಯ ಕೊನೆಯ ಅಂಕಿ 0 ಆಗಿಬಿಡುತ್ತದೆ. ಗುರುತಿನ ಸಂಖ್ಯೆಯನ್ನು ಯಾರೂ ಕೂಡಿ ಕಳೆಯುವುದಿಲ್ಲ. ಅದು ಮೊದಲಿನಿಂದ ಕೊನೆಯವರೆಗೂ ಪಠ್ಯವಾಗಿಯೇ ಇರಲಿ.

ಸಂಖ್ಯೆಯಲ್ಲಿ ಅಕ್ಷರವಿದೆ. ಚೀನಾದ ಗುರುತಿನ ಸಂಖ್ಯೆಗೆ 18 ಸ್ಥಾನ; ಕೊನೆಯ ಸ್ಥಾನದ ತಾಳೆ ಅಂಕಿ (ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಬರುವುದು) 10 ಬಂದಾಗ ಅಲ್ಲಿ ಎಕ್ಸ್ ಎಂಬ ಅಕ್ಷರ ಬರುತ್ತದೆ. ಬರೀ ಅಂಕಿ ಹುಡುಕುವ ಮಾದರಿ (ಪ್ಯಾಟರ್ನ್), ಹೆಚ್ಚುಕಡಿಮೆ 11ರಲ್ಲಿ ಒಬ್ಬರನ್ನು ಕೈಬಿಡುತ್ತದೆ.

ನಡುವೆ ಏನೋ ಇದೆ. ಖಾಲಿ ಜಾಗ, ಅಡ್ಡಗೆರೆ, ಚುಕ್ಕಿ ಎಲ್ಲರಿಗೂ ನೆನಪಿರುತ್ತವೆ. ವೆಬ್ ಪುಟದಿಂದ ಕಾಪಿ ಮಾಡಿ ಅಂಟಿಸಿದಾಗ ಬರುವ, ಒಡೆಯದ ಖಾಲಿ ಜಾಗ (ನಾನ್-ಬ್ರೇಕಿಂಗ್ ಸ್ಪೇಸ್) ಯಾರಿಗೂ ನೆನಪಿರುವುದಿಲ್ಲ. ಕಣ್ಣಿಗೆ ಅದು ಮಾಮೂಲಿ ಸ್ಪೇಸ್‌ನಂತೆಯೇ ಕಾಣುತ್ತದೆ, ಕೋಡ್‌ಗೆ ಮಾತ್ರ ಬೇರೆ.

ಅಂಕಿಯೇ ಬೇರೆ ಲಿಪಿಯದು. ೧೦೦೦ ೪೪೧೭ ೨೦೯೬ ಎಂದು ಒಬ್ಬರು ಕನ್ನಡ ಅಂಕಿಗಳಲ್ಲಿ ಟೈಪ್ ಮಾಡಿದರು ಅನ್ನಿ. ಮಾದರಿಯಲ್ಲಿ [0-9] ಎಂದಿದ್ದರೆ ಇದು ಸಿಗುವುದೇ ಇಲ್ಲ. ಬ್ಯಾಕ್‌ಸ್ಲ್ಯಾಶ್-ಡಿ ("ಯಾವುದೇ ಅಂಕಿ" ಎಂಬ ಗುರುತು) ಎಂದಿದ್ದರೆ ಪೈಥಾನ್ 3 ಇದನ್ನು ಅಂಕಿಯೆಂದು ಹಿಡಿಯುತ್ತದೆ, ಜಾವಾಸ್ಕ್ರಿಪ್ಟ್ ಹಿಡಿಯುವುದಿಲ್ಲ. ಅಂದರೆ ಒಂದೇ ಸಂಖ್ಯೆ ನಿಮ್ಮ ಸರ್ವರ್‌ನಲ್ಲಿ ಮರೆಯಾಗಿ ಬ್ರೌಸರ್‌ನಲ್ಲಿ ಬಯಲಾಗಬಹುದು. ದೇವನಾಗರಿ, ಅರೇಬಿಕ್ ಅಂಕಿಗಳಿಗೂ ಇದೇ ಕಥೆ. ನಮ್ಮ ಭಾಷೆಯಲ್ಲಿ ಬರೆದ ಒಂದೇ ಕಾರಣಕ್ಕೆ ಒಬ್ಬರ ಗುಟ್ಟು ರಟ್ಟಾಗುವುದು ನನ್ನಿಂದ ಸಹಿಸಲಾಗದ ದೋಷ.

ಇವೆಲ್ಲಕ್ಕೂ ಮದ್ದು ಒಂದೇ ದಿಕ್ಕಿನಲ್ಲಿದೆ. ಒಳಬರುವ ಬಾಗಿಲಲ್ಲೇ ಸಂಖ್ಯೆಯನ್ನು ಒಂದು ನಿಗದಿತ ರೂಪಕ್ಕೆ ತನ್ನಿ: ಎಲ್ಲ ಲಿಪಿಯ ಅಂಕಿಗಳೂ 0-9 ಆಗಲಿ, ನಡುವಿನ ಚಿಹ್ನೆಗಳು ಹೋಗಲಿ, ಉದ್ದ ತಾಳೆಯಾಗಲಿ. ಮಾಸ್ಕ್ ಅದರ ಮೇಲೆ ಕೆಲಸ ಮಾಡಲಿ. ಮಾದರಿಗೆ ಇನ್ನೊಂದು, ಮತ್ತೊಂದು ಎಂದು ತೇಪೆ ಹಚ್ಚುತ್ತ ಹೋದರೆ ಮುಗಿಯುವುದಿಲ್ಲ.

## ಲಕ್ಷಣ: ಪರದೆ, ಡೇಟಾಬೇಸ್ ಸರಿ, ಲಾಗ್‌ನಲ್ಲಿ ಸಂಖ್ಯೆ ಸಿಗುತ್ತಿದೆ

ಮೊದಲು ಬ್ರೌಸರ್‌ನ ಅಡ್ರೆಸ್ ಬಾರ್ ನೋಡಿ. ಸಂಖ್ಯೆ ಯುಆರ್‌ಎಲ್‌ನಲ್ಲಿ ಕಂಡರೆ ಮುಂದಿನದ್ದನ್ನು ಹುಡುಕುವ ಮೊದಲೇ ಅದನ್ನು ಸರಿಪಡಿಸಿ. ಯುಆರ್‌ಎಲ್ ಬ್ರೌಸರ್‌ನ ಇತಿಹಾಸದಲ್ಲಿ, ವೆಬ್ ಸರ್ವರ್‌ನ ಆಕ್ಸೆಸ್ ಲಾಗ್‌ನಲ್ಲಿ, ನಡುವೆ ಅದನ್ನು ಓದಬಲ್ಲ ಪ್ರಾಕ್ಸಿಗಳಲ್ಲಿ (ಮಧ್ಯವರ್ತಿ ಸರ್ವರ್‌ಗಳಲ್ಲಿ) ದಾಖಲಾಗಬಹುದು. ನಿಮ್ಮ ಕೋಡ್‌ನಲ್ಲಿ ಎಷ್ಟು ಮಾಸ್ಕ್ ಹಾಕಿದರೂ ಆ ಲಾಗ್‌ಗಳಿಗೆ ತಿಳಿಯುವುದಿಲ್ಲ.

ಆಮೇಲೆ ಬೇಹುಗಾರ ಸಂಖ್ಯೆಯನ್ನು ಫಾರ್ಮ್‌ನಲ್ಲಿ ಹಾಕಿ, ಬೇಕೆಂದೇ ಒಂದು ತಪ್ಪು ಮಾಡಿ. ಹುಟ್ಟಿದ ದಿನಾಂಕದ ಜಾಗದಲ್ಲಿ ಹೆಸರು ಬರೆಯಿರಿ. ಸುಸೂತ್ರ ದಾರಿಯಲ್ಲಿ ಮಾಸ್ಕ್ ಇರುತ್ತದೆ; ಎಕ್ಸೆಪ್ಷನ್ (ಕೋಡ್ ಎಡವಿದ ಸ್ಥಿತಿ) ಬಂದಾಗ ಇಡೀ ಕೋರಿಕೆಯನ್ನು ಹಾಗೇ ಲಾಗ್‌ಗೆ ಸುರಿಯುವ ಒಂದು ಸಾಲು ಎಲ್ಲೋ ಇರುತ್ತದೆ. ಎಸ್‌ಕ್ಯುಎಲ್ ಡೀಬಗ್ ಲಾಗ್, ಏಪಿಐ ಗೇಟ್‌ವೇ, ಕ್ರ್ಯಾಶ್ ವರದಿ, ಸಂದೇಶದ ಕ್ಯೂ, ಹುಡುಕಾಟದ ಇಂಡೆಕ್ಸ್, ಎಲ್ಲದರಲ್ಲೂ ಹುಡುಕಿ. ಹುಡುಕುವಾಗ ಸಂಖ್ಯೆಯ ಒಂದೇ ರೂಪ ಸಾಲದು. ಸ್ಪೇಸ್ ಸಹಿತ, ಸ್ಪೇಸ್ ಇಲ್ಲದೆ, ಬೇಸ್64 ಎಂಬ ಸಂಕೇತ ರೂಪದಲ್ಲಿ, ಜೊತೆಗೆ ನಡುವಿನ ಆರು ಅಂಕಿ ಮಾತ್ರ.

2018ರಲ್ಲಿ ಟ್ವಿಟರ್ ತನ್ನ ಸುಮಾರು 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಹೇಳಬೇಕಾಗಿ ಬಂದದ್ದೂ ಈ ಜಾತಿಯ ದೋಷದಿಂದಲೇ. ಪಾಸ್‌ವರ್ಡ್ ಅನ್ನು ಹಿಂದಕ್ಕೆ ತಿರುಗಿಸಲಾಗದ ಸಂಕೇತವಾಗಿ ಬದಲಿಸುವ, ಅಂದರೆ ಹ್ಯಾಶ್ ಮಾಡುವ ವ್ಯವಸ್ಥೆ ಇತ್ತು, ಆದರೆ ಹ್ಯಾಶ್ ಆಗುವ ಕ್ಷಣಕ್ಕೆ ಮುಂಚೆಯೇ ಪಾಸ್‌ವರ್ಡ್ ಒಳಗಿನ ಲಾಗ್‌ಗೆ ಬರೆದಾಗುತ್ತಿತ್ತು.

ಲಾಗ್ ಬರೆಯುವ ಪ್ರತಿಯೊಬ್ಬರೂ ನೆನಪಿಟ್ಟುಕೊಂಡು ಮಾಸ್ಕ್ ಕರೆಯಬೇಕು ಎಂಬ ನಿಯಮ ಬಾಳುವುದಿಲ್ಲ. ಗುರುತಿನ ಸಂಖ್ಯೆಗೆಂದೇ ಕೋಡ್‌ನಲ್ಲಿ ಒಂದು ಪ್ರತ್ಯೇಕ ಡೇಟಾ ಟೈಪ್ ಮಾಡಿ. ಯಾರು ಅದನ್ನು ಪಠ್ಯವಾಗಿ ಅಚ್ಚು ಹಾಕಿದರೂ ●●●● ●●●● 2096 ಮಾತ್ರ ಬರಬೇಕು. ಪೂರ್ತಿ ಸಂಖ್ಯೆ ಬೇಕೆಂದರೆ ಬೇರೆಯೇ ಹೆಸರಿನ ಫಂಕ್ಷನ್ ಕರೆಯಬೇಕು. ಆಗ ಆ ಹೆಸರು ಎಲ್ಲೆಲ್ಲಿ ಬಂದಿದೆ ಎಂದು ಕೋಡ್‌ನಲ್ಲಿ ಎಣಿಸಬಹುದು.

## ಲಕ್ಷಣ: ಡೇಟಾಬೇಸ್‌ನಲ್ಲೇ ಚುಕ್ಕಿಗಳು ಕೂತಿವೆ

ಇದು ಕಂಡ ಕೂಡಲೇ ತಿದ್ದುಪಡಿ ಪುಟವನ್ನು ನಿಲ್ಲಿಸಿ. ಮಿಕ್ಕದ್ದು ಆಮೇಲೆ.

ಆಗುವುದು ಹೀಗೆ: ಬಳಕೆದಾರರು ವಿಳಾಸ ಬದಲಿಸಲೆಂದು ಪುಟ ತೆರೆಯುತ್ತಾರೆ. ಸಂಖ್ಯೆಯ ಪೆಟ್ಟಿಗೆಯಲ್ಲಿ ●●●● ●●●● 2096 ತುಂಬಿರುತ್ತದೆ. ಅವರು ಅದನ್ನು ಮುಟ್ಟುವುದೂ ಇಲ್ಲ, ವಿಳಾಸ ತಿದ್ದಿ ಉಳಿಸುತ್ತಾರೆ. ಫಾರ್ಮ್ ಎಲ್ಲ ಪೆಟ್ಟಿಗೆಗಳನ್ನೂ ಕಳಿಸುತ್ತದೆ, ಸರ್ವರ್ ಚುಕ್ಕಿಗಳನ್ನೇ ನಿಜವೆಂದು ನಂಬಿ ಅಸಲಿ ಸಂಖ್ಯೆಯ ಮೇಲೆ ಬರೆದುಬಿಡುತ್ತದೆ. ಒಂದೊಂದು ಸೇವ್‌ಗೂ ಒಬ್ಬೊಬ್ಬರ ಸಂಖ್ಯೆ ಅಳಿಯುತ್ತ ಹೋಗುತ್ತದೆ, ಯಾವ ಎರರ್ ಕೂಡ ಬರುವುದಿಲ್ಲ.

ಎಷ್ಟು ದಾಖಲೆಗಳಲ್ಲಿ ಚುಕ್ಕಿ ಇವೆ, ಮೊದಲನೆಯದು ಯಾವ ದಿನದ್ದು ಎಂದು ಎಣಿಸಿ. ಆ ದಿನಕ್ಕಿಂತ ಹಿಂದಿನ ಬ್ಯಾಕಪ್‌ನ ಅವಧಿ ಮುಗಿದು ತಾನಾಗಿ ಅಳಿಯದಂತೆ ತಡೆಹಿಡಿಯಿರಿ. ಸಂಖ್ಯೆಗಳನ್ನು ಮರಳಿ ತರುವ ಕೆಲಸವನ್ನು ಡೇಟಾಬೇಸ್ ನೋಡಿಕೊಳ್ಳುವವರ ಜೊತೆ ಕೂತೇ ಮಾಡಿ. ಅವಸರದಲ್ಲಿ ಇಡೀ ಟೇಬಲ್ ಹಿಂದಕ್ಕೆ ತಂದರೆ ಜನ ಬದಲಿಸಿದ ವಿಳಾಸಗಳೂ ಹೋಗುತ್ತವೆ. ಮುಂದಕ್ಕೆ, ಮಾಸ್ಕ್ ಆದ ಮೌಲ್ಯವನ್ನು ಬರೆಯುವ ಪೆಟ್ಟಿಗೆಯಲ್ಲಿ ಇಡಲೇಬೇಡಿ. ಪಕ್ಕದಲ್ಲಿ ಬರೀ ಓದುವಂತೆ ತೋರಿಸಿ. ಪೆಟ್ಟಿಗೆ ಖಾಲಿ ಬಂದರೆ ಹಳೆಯದೇ ಉಳಿಯಲಿ.

ಇದರ ದಾಯಾದಿಯೊಂದಿದೆ: ಆರ್ಡರ್ ಸಂಖ್ಯೆ, ಸಮಯದ ಮುದ್ರೆಗಳೂ ಚುಕ್ಕಿಯಾಗಿಬಿಡುವುದು. ಮಾದರಿ ಅಂಕಿಯ ಉದ್ದವನ್ನಷ್ಟೇ ನೋಡುತ್ತಿದೆ ಎಂದರ್ಥ. ತಾಳೆ ಅಂಕಿಯನ್ನೂ ಪರೀಕ್ಷಿಸಿ: ಕಾರ್ಡ್‌ಗೆ ಲೂನ್ ವಿಧಾನ, ಆಧಾರ್‌ಗೆ ವೆರ್‌ಹೂಫ್ ವಿಧಾನ. ಸುಳ್ಳು ಹಿಡಿತಗಳು ಸುಮಾರು ಹತ್ತನೇ ಒಂದಕ್ಕೆ ಇಳಿಯುತ್ತವೆ.

## ಲಕ್ಷಣ: ನಾಲ್ಕೇ ಅಂಕಿ ತೋರಿಸಿದರೂ ಯಾರೆಂದು ತಿಳಿಯುತ್ತಿದೆ

ಎಷ್ಟು ಅಂಕಿ ಮುಚ್ಚಿದ್ದೀರಿ ಎನ್ನುವುದರ ಜೊತೆಗೆ ಯಾವುದನ್ನು ಮುಚ್ಚಿದ್ದೀರಿ ಎಂಬುದನ್ನೂ ನೋಡಿ. ಡೆನ್ಮಾರ್ಕ್‌ನ 10 ಅಂಕಿಯ ಸಂಖ್ಯೆಯಲ್ಲಿ ಮೊದಲ ಆರು ಹುಟ್ಟಿದ ದಿನಾಂಕ. ಹುಟ್ಟಿದ ದಿನ ಗೊತ್ತಿರುವವರಿಗೆ ಅವನ್ನು ಮುಚ್ಚಿ ಕೊನೆಯ ನಾಲ್ಕು ತೋರಿಸಿದರೆ ಪೂರ್ತಿ ಸಂಖ್ಯೆಯನ್ನೇ ಕೊಟ್ಟಂತೆ. ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯ ಮೊದಲ ಮೂರು ಅಂಕಿ 2011ರ ಜೂನ್‌ವರೆಗೆ ರಾಜ್ಯವನ್ನು ಸೂಚಿಸುತ್ತಿದ್ದವು. ಎಲ್ಲೆಡೆ ಧಾರಾಳವಾಗಿ ತೋರಿಸುವ ಕೊನೆಯ ನಾಲ್ಕೇ ಊಹೆಗೆ ಅತಿ ಕಷ್ಟವಾದ ಭಾಗ.

ಇನ್ನೊಂದು ತಪಾಸಣೆ: ನಿಮ್ಮ ಎಲ್ಲ ಪರದೆ, ಇಮೇಲ್, ಎಸ್‌ಎಂಎಸ್, ಮುದ್ರಿತ ರಸೀದಿಗಳಲ್ಲಿ ಯಾವ ಸ್ಥಾನಗಳು ಕಾಣುತ್ತವೆ ಎಂದು ಒಂದೇ ಹಾಳೆಯಲ್ಲಿ ಬರೆಯಿರಿ. ಒಂದು ಕಡೆ ಮೊದಲ ಎಂಟು, ಇನ್ನೊಂದು ಕಡೆ ಕೊನೆಯ ನಾಲ್ಕು ಕಂಡರೆ ಎರಡನ್ನೂ ನೋಡಿದವರಿಗೆ ಹನ್ನೆರಡೂ ಸಿಕ್ಕವು.

## ಲಕ್ಷಣ: ಟೆಸ್ಟ್ ಡೇಟಾದಲ್ಲಿ ಟೇಬಲ್‌ಗಳು ಒಂದಕ್ಕೊಂದು ಕೂಡುತ್ತಿಲ್ಲ

ಜಾಯಿನ್ ಮಾಡಿದರೆ ಸೊನ್ನೆ ಸಾಲು ಬಂದರೆ, ಪ್ರತಿ ಟೇಬಲ್‌ನಲ್ಲೂ ಬದಲಿ ಸಂಖ್ಯೆಯನ್ನು ಬೇರೆ ಬೇರೆಯಾಗಿ, ಮನಬಂದಂತೆ ಹುಟ್ಟಿಸಿದ್ದಾರೆ. ಒಂದೇ ಅಸಲಿಗೆ ಎಲ್ಲೆಡೆ ಒಂದೇ ಬದಲಿ ಬರಬೇಕು. ಕೆಲವು ಸಾಲು ಮಾತ್ರ ಕೂಡದಿದ್ದರೆ ಒಂದು ಟೇಬಲ್‌ನಲ್ಲಿ ಸ್ಪೇಸ್ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಮತ್ತೆ ಅದೇ ನಿಗದಿತ ರೂಪದ ಮಾತು. ಬೇಕಾದ್ದಕ್ಕಿಂತ ಹೆಚ್ಚು ಸಾಲು ಬಂದರೆ ಇಬ್ಬರಿಗೆ ಒಂದೇ ಟೋಕನ್ (ಬದಲಿ ಸಂಖ್ಯೆ) ಸಿಕ್ಕಿದೆ. ಆರು ಅಂಕಿಯ ಟೋಕನ್‌ಗೆ ಹತ್ತು ಲಕ್ಷ ಸಾಧ್ಯತೆ ಇದೆಯಲ್ಲ ಎಂದು ನೆಮ್ಮದಿಯಾಗಿರಬೇಡಿ. ಸುಮಾರು 1,200 ದಾಖಲೆಗೇ ಎಲ್ಲಾದರೂ ಎರಡು ಡಿಕ್ಕಿ ಹೊಡೆಯುವ ಸಂಭವ ಅರ್ಧಕ್ಕರ್ಧ.

## ಲಕ್ಷಣ: ಹ್ಯಾಶ್ ಮಾಡಿದ್ದೆವು, ಆದರೂ ಯಾರೋ ಅಸಲಿ ಸಂಖ್ಯೆ ಹೇಳಿಬಿಟ್ಟರು

ಕೋಡ್‌ನಲ್ಲಿ ತಪ್ಪು ಹುಡುಕಬೇಡಿ, ಸಿಗುವುದಿಲ್ಲ. ಗುರುತಿನ ಸಂಖ್ಯೆಗಳು ಕಡಿಮೆ, ಅದೇ ತೊಂದರೆ.

ಲೆಕ್ಕ ಹಾಕೋಣ. ಆಧಾರ್‌ಗೆ 12 ಅಂಕಿ. ಮೊದಲನೆಯದು 2ರಿಂದ 9ರೊಳಗೆ, ಕೊನೆಯದು ತಾಳೆ ಅಂಕಿ. ಉಳಿಯುವುದು 8,000 ಕೋಟಿ ಸಾಧ್ಯತೆ. ಇಂದಿನ ಒಂದು ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಎಸ್‌ಎಚ್‌ಎ-256 ಹ್ಯಾಶ್ ಮಾಡುತ್ತದೆ. ಎಲ್ಲ ಸಂಖ್ಯೆಗಳನ್ನೂ ಹ್ಯಾಶ್ ಮಾಡಿ ತಾಳೆ ನೋಡಲು ಕೆಲವೇ ನಿಮಿಷ ಸಾಕು. ಪಕ್ಕದ ಕಾಲಂನಲ್ಲಿ ಕೊನೆಯ ನಾಲ್ಕು ಅಂಕಿಯನ್ನೂ ಇಟ್ಟಿದ್ದರೆ ಸಾಧ್ಯತೆಗಳು 80 ಲಕ್ಷಕ್ಕೆ ಇಳಿಯುತ್ತವೆ, ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. 16 ಅಂಕಿಯ ಕಾರ್ಡ್‌ನ ಮೊದಲ ಆರು ಮತ್ತು ಕೊನೆಯ ನಾಲ್ಕು ಗೊತ್ತಿದ್ದರೆ ಒಂದೇ ಲಕ್ಷ. ಸಾಲ್ಟ್ (ಹ್ಯಾಶ್ ಮಾಡುವ ಮುಂಚೆ ಬೆರೆಸುವ, ಮನಬಂದಂತೆ ಆರಿಸಿದ ತುಣುಕು) ಸೇರಿಸಿದ್ದೇವೆ ಅನ್ನುತ್ತೀರಾ? ಅದು ಅದೇ ಸಾಲಿನಲ್ಲಿ ಪಕ್ಕದಲ್ಲೇ ಕೂತಿದ್ದರೆ ಕಳ್ಳನಿಗೆ ಪ್ರತಿ ಸಾಲಿಗೂ ಇನ್ನೊಂದಿಷ್ಟು ಸೆಕೆಂಡು ಹೆಚ್ಚು ಹಿಡಿಯುತ್ತದೆ, ಅಷ್ಟೇ.

2014ರಲ್ಲಿ ನ್ಯೂಯಾರ್ಕ್ ನಗರದ 17 ಕೋಟಿಗೂ ಹೆಚ್ಚು ಟ್ಯಾಕ್ಸಿ ಪ್ರಯಾಣಗಳ ಡೇಟಾ ಹೊರಬಂದಾಗ ಚಾಲಕರ ಪರವಾನಗಿ ಸಂಖ್ಯೆಗಳನ್ನು ಎಂಡಿ5 ಹ್ಯಾಶ್ ಮಾಡಲಾಗಿತ್ತು. ಪರವಾನಗಿಯ ವಿನ್ಯಾಸ ಗೊತ್ತಿತ್ತು, ಸಾಧ್ಯತೆಗಳು ಕಡಿಮೆ ಇದ್ದವು. ಬಿಡಿಸಲು ಕಷ್ಟವಾಗಲಿಲ್ಲ.

ತಪಾಸಣೆ ಸುಲಭ: ಬೇಹುಗಾರ ಸಂಖ್ಯೆಯನ್ನು ನಿಮ್ಮ ಯಂತ್ರದಲ್ಲೇ ಬರೀ ಎಸ್‌ಎಚ್‌ಎ-256 ಮಾಡಿ. ಟೇಬಲ್‌ನಲ್ಲಿರುವುದಕ್ಕೆ ಅದು ಹೊಂದಿಕೆಯಾದರೆ ಯಾವ ಗುಟ್ಟಿನ ಕೀ ಕೂಡ ಬಳಕೆಯಾಗಿಲ್ಲ. ಆಗ ಎಚ್‌ಮ್ಯಾಕ್‌ನಂಥ, ಕೀ ಬೆರೆಸುವ ವಿಧಾನಕ್ಕೆ ಹೋಗಬೇಕು, ಕೀ ಡೇಟಾಬೇಸ್‌ನಿಂದ ಹೊರಗೆ, ಬೇರೆಯವರ ಸುಪರ್ದಿಯಲ್ಲಿ ಇರಬೇಕು. ಕಾರ್ಡ್ ಉದ್ಯಮದ ಪಿಸಿಐ ಡಿಎಸ್‌ಎಸ್ ನಿಯಮವೂ ಈಗ ಕಾರ್ಡ್ ಸಂಖ್ಯೆಯ ಹ್ಯಾಶ್‌ಗೆ ಕೀ ಇರಲೇಬೇಕು ಅನ್ನುತ್ತದೆ. ಉದ್ದವೂ ಅಂಕಿಯ ರೂಪವೂ ಹಾಗೇ ಉಳಿಯಬೇಕೆಂದರೆ ಎಫ್‌ಎಫ್1 ಎಂಬ, ರೂಪ ಕಾಯ್ದುಕೊಳ್ಳುವ ಎನ್‌ಕ್ರಿಪ್ಷನ್ ಇದೆ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2016ರಲ್ಲಿ ಅದನ್ನು ಪ್ರಕಟಿಸಿತು. ಅದನ್ನು ನೀವೇ ಬರೆಯಲು ಹೋಗಬೇಡಿ. ಕೀ ಬದಲಿಸುವುದು, ಹಳೆಯ ಟೋಕನ್‌ಗಳನ್ನು ಹೊಸದಕ್ಕೆ ತರುವುದು ಕ್ರಿಪ್ಟೋಗ್ರಫಿ ಬಲ್ಲವರ ಕೆಲಸ, ಇಲ್ಲಿ ಕೈ ನಿಲ್ಲಿಸಿ ಅವರನ್ನು ಕರೆಯಿರಿ.

## ಲಕ್ಷಣ: ಡೇಟಾಬೇಸ್ ಮಾಸ್ಕ್ ತೋರಿಸುತ್ತಿದೆ, ಆದರೂ ವರದಿ ತಂಡಕ್ಕೆ ಸಂಖ್ಯೆ ಗೊತ್ತು

ಎಸ್‌ಕ್ಯುಎಲ್ ಸರ್ವರ್ 2016ರಿಂದ ಇರುವ ಡೈನಾಮಿಕ್ ಡೇಟಾ ಮಾಸ್ಕಿಂಗ್‌ನಂಥ ಸೌಲಭ್ಯಗಳು ಫಲಿತಾಂಶ ತೋರಿಸುವಾಗ ಮಾತ್ರ ಮುಚ್ಚುತ್ತವೆ. ಷರತ್ತು ಹಾಕಿ ಕೇಳಿದರೆ ಡೇಟಾಬೇಸ್ ಅಸಲಿ ಮೌಲ್ಯವನ್ನೇ ನೋಡಿ ಉತ್ತರಿಸುತ್ತದೆ. "ಈ ವ್ಯಕ್ತಿಯ ಸಂಖ್ಯೆ ಇದಕ್ಕಿಂತ ದೊಡ್ಡದೇ?" ಎಂದು ಪ್ರತಿ ಸಲ ವ್ಯಾಪ್ತಿಯನ್ನು ಅರ್ಧ ಮಾಡುತ್ತ ಕೇಳಿದರೆ 12 ಅಂಕಿಯ ಸಂಖ್ಯೆ 40 ಪ್ರಶ್ನೆಗಳಲ್ಲಿ ಸಿಗುತ್ತದೆ. ಸೀಮಿತ ಅನುಮತಿಯ ಖಾತೆಯೊಂದರಿಂದ ಬೇಹುಗಾರ ಸಂಖ್ಯೆಯ ಮೇಲೆ ನೀವೇ ಮಾಡಿ ನೋಡಿ. ಸಿಕ್ಕರೆ, ಸ್ವಂತ ಪ್ರಶ್ನೆ ಬರೆಯಬಲ್ಲವರಿಗೆ ಆ ಕಾಲಂ ಕೊಡಲೇಬಾರದು. ಅವರಿಗೆ ಟೋಕನ್ ಮಾತ್ರ ಇರುವ ಬೇರೆ ಟೇಬಲ್ ಕೊಡಿ.

## ಎಲ್ಲಿ ನಿಲ್ಲಿಸಿ ಬೇರೆಯವರನ್ನು ಕರೆಯಬೇಕು

ನಿಜವಾದ ಒಬ್ಬರ ಸಂಖ್ಯೆಯಾದರೂ ಹೊರಗಿನವರಿಗೆ ಸಿಕ್ಕಿದೆ ಎಂಬ ಅನುಮಾನ ಬಂದರೆ ಅಲ್ಲಿಗೆ ದೋಷ ನಿವಾರಣೆ ಮುಗಿಯಿತು, ಇನ್ನು ಅದು ಸೋರಿಕೆಯ ಪ್ರಕರಣ. ಗಾಬರಿಯಲ್ಲಿ ಲಾಗ್ ಅಳಿಸಬೇಡಿ. ಯಾರು ಯಾವಾಗ ನೋಡಿದರು ಎಂಬ ಸಾಕ್ಷಿ ಅದರಲ್ಲೇ ಇರುತ್ತದೆ. ನೋಡುವ ಅನುಮತಿಯನ್ನು ಬಿಗಿ ಮಾಡಿ, ಒಂದು ಪ್ರತಿಯನ್ನು ಭದ್ರವಾಗಿಡಿಸಿ, ಭದ್ರತಾ ತಂಡಕ್ಕೂ ಖಾಸಗಿತನದ ಹೊಣೆ ಹೊತ್ತವರಿಗೂ ಆ ಗಂಟೆಯಲ್ಲೇ ತಿಳಿಸಿ. ಯುರೋಪಿನ ಡೇಟಾ ರಕ್ಷಣಾ ಕಾನೂನು ಜಿಡಿಪಿಆರ್ ಅನ್ವಯವಾಗುವ ಕಡೆ, ಜನರಿಗೆ ಅಪಾಯ ತರಬಹುದಾದ ಸೋರಿಕೆಯನ್ನು ಗೊತ್ತಾದ 72 ಗಂಟೆಯೊಳಗೆ ಪ್ರಾಧಿಕಾರಕ್ಕೆ ತಿಳಿಸಬೇಕು. "ಪೂರ್ತಿ ಖಚಿತವಾಗಲಿ, ಆಮೇಲೆ ಹೇಳೋಣ" ಎಂದು ಕೂರುವುದರಲ್ಲೇ ಆ ಗಂಟೆಗಳು ಕಳೆಯುತ್ತವೆ. ಪಾಸ್‌ವರ್ಡ್ ಬದಲಿಸಿಕೊಳ್ಳಬಹುದು, ಗುರುತಿನ ಸಂಖ್ಯೆಯನ್ನು ಸಾಮಾನ್ಯವಾಗಿ ಜೀವಮಾನವಿಡೀ ಹೊತ್ತುಕೊಂಡೇ ಇರಬೇಕು.

## ಸರಿಹೋಯಿತೆಂದು ಯಾವಾಗ ಹೇಳಬಹುದು

ಹೊಸದೊಂದು ಬೇಹುಗಾರ ಸಂಖ್ಯೆ ತೆಗೆದುಕೊಳ್ಳಿ. ಹಳೆಯದರ ಕುರುಹು ಹಳೆಯ ಲಾಗ್‌ಗಳಲ್ಲಿ ಇದ್ದೇ ಇರುತ್ತದೆ. ನೋಂದಣಿ, ತಿದ್ದುಪಡಿ, ತಪ್ಪು ನಮೂದು, ಡೌನ್‌ಲೋಡ್, ಇಮೇಲ್, ರಾತ್ರಿಯ ಬ್ಯಾಚ್ ಕೆಲಸ, ಎಲ್ಲ ದಾರಿಯಲ್ಲೂ ಅದನ್ನು ಒಮ್ಮೆ ಓಡಿಸಿ. ಒಂದು ಪೂರ್ತಿ ದಿನ ಬಿಡಿ, ಯಾಕೆಂದರೆ ಬ್ಯಾಕಪ್ ಮತ್ತು ಇಂಡೆಕ್ಸ್ ನಿಧಾನಕ್ಕೆ ತುಂಬುತ್ತವೆ. ಆಮೇಲೆ ಎಲ್ಲ ರೂಪಗಳಲ್ಲೂ ಹುಡುಕಿ. ಎನ್‌ಕ್ರಿಪ್ಟ್ ಆದ ಆ ಒಂದು ಕಾಲಂ ಬಿಟ್ಟು ಬೇರೆಲ್ಲೂ ಅದರ ಸುಳಿವು ಸಿಗದಿದ್ದರೆ ಟಿಕೆಟ್ ಮುಚ್ಚಬಹುದು. ಈ ಓಟವನ್ನು ಪ್ರತಿ ಬಿಡುಗಡೆಗೂ ಮುಂಚೆ ತಾನಾಗಿ ನಡೆಯುವಂತೆ ಸೇರಿಸಿ. ಫೈಲ್ ಹೆಸರುಗಳನ್ನು ಹುಡುಕಾಟದ ಪಟ್ಟಿಯಲ್ಲಿ ಮರೆಯದೆ ಹಾಕಿ.